ಕುಡಿಯದಿರುವುದೂ ವ್ರತವೂ

ಮದ್ಯಪಾನವು ತ್ಯಾಜ್ಯವೆಂಬ ಮಾತಿಗೆ ಎದುರುವಾದ ಹೂಡುವವರು ಲಿಂಗವಂತ ಗೃಹಸ್ಥರಲ್ಲಿ ವಿರಳ. ಇಷ್ಟಲಿಂಗಕ್ಕೆ ಅರ್ಪಿಸಲು ಬಾರದ ಪದಾರ್ಥವು ಪ್ರಸಾದವಾಗಲಾರದು. ಪ್ರಸಾದವಲ್ಲದುದನ್ನು ಸೇವಿಸುವುದು ಭಕ್ತನಿಗೆ ಸಲ್ಲದು. ಇಷ್ಟರಿಂದಲೇ ವಿಷಯವು ತೀರಿತೆಂದು ಅನೇಕರು ಸುಮ್ಮನಾಗುತ್ತಾರೆ. ಆದರೆ ಈ ನಿಶ್ಚಯದ ಬೆನ್ನಿಗೇ ಇನ್ನೊಂದು ಭಾವನೆಯು ಮನಸ್ಸಿನೊಳಗೆ ಮೆಲ್ಲನೆ ಸೇರಿಕೊಳ್ಳುವುದುಂಟು. ‘ನಮ್ಮ ಮನೆತನದಲ್ಲಿ ಅದನ್ನು ಮುಟ್ಟಿದವರಿಲ್ಲ, ನಮ್ಮ ದೇಶವು ಪರದೇಶಗಳಂತೆ ಕುಡುಕರ ದೇಶವಲ್ಲ’ ಎಂಬ ಅಭಿಮಾನವೇ ಅದು. ಮಗನು ಜರ್ಮನಿಗೋ ಅಮೆರಿಕಕ್ಕೋ ಉದ್ಯೋಗಾರ್ಥವಾಗಿ ಹೊರಟು ನಿಂತಾಗ ತಾಯಿತಂದೆಗಳು ಆ ದೇಶದ ಚಳಿಗಿಂತಲೂ ಹೆಚ್ಚಾಗಿ ಅಂಜುವುದು ಅಲ್ಲಿಯ ಪಾನಪದ್ಧತಿಗೆ. ಈ ಅಭಿಮಾನವೂ ಈ ಅಂಜಿಕೆಯೂ ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ತಿಳಿಯಬೇಕಾದರೆ ದೇಶದೇಶಗಳ ಪಾನದ ರೀತಿಯನ್ನು ಒಮ್ಮೆ ಹೋಲಿಸಿ ನೋಡಬೇಕು. ಹಾಗೆ ನೋಡತೊಡಗಿದವರಿಗೆ ಎದುರಾಗುವ ಪ್ರಶ್ನೆಯು ಇದು: ಒಬ್ಬನು ಕುಡಿಯದಿದ್ದರೆ ಆ ಕುಡಿಯದಿರುವಿಕೆಯು ಯಾರ ಗಳಿಕೆ? ಅವನದೋ, ಅವನ ದೇಶಾಚಾರದ್ದೋ, ರಾಜಾಜ್ಞೆಯದೋ, ಕೈಯಲ್ಲಿ ಹಣವಿಲ್ಲದುದರದೋ?

ವಿಶ್ವ ಆರೋಗ್ಯ ಸಂಸ್ಥೆಯವರು ದೇಶಗಳ ಪಾನವನ್ನು ಅಳೆಯುವುದಕ್ಕೆ ಒಂದು ಕ್ರಮವನ್ನಿಟ್ಟುಕೊಂಡಿದ್ದಾರೆ. ಬೀರು, ದ್ರಾಕ್ಷಾರಸದ ವೈನು, ಬ್ರಾಂದಿ ಇವುಗಳ ತೀಕ್ಷ್ಣತೆಯು ಬೇರೆ ಬೇರೆಯಾದುದರಿಂದ ಎಲ್ಲವನ್ನೂ ಶುದ್ಧ ಮದ್ಯಸಾರದ ಲೆಕ್ಕಕ್ಕೆ ಇಳಿಸಿ, ಹದಿನೈದು ವರ್ಷ ಮೇಲ್ಪಟ್ಟ ಸಮಸ್ತ ಜನರಿಗೂ ಅದನ್ನು ಹಂಚಿ ನೋಡುತ್ತಾರೆ. ೨೦೧೯ರಲ್ಲಿ ಈ ಲೆಕ್ಕವು ಲೋಕಕ್ಕೆಲ್ಲ ತಲೆಗೆ ೫.೫ ಲೀಟರು; ಯೂರೋಪು ವಿಭಾಗಕ್ಕೆ ೯.೨ ಲೀಟರು. ಅದೇ ವರ್ಷ ಮದ್ಯದ ಕಾರಣದಿಂದ ಲೋಕದಲ್ಲಿ ಅಳಿದವರು ೨೬ ಲಕ್ಷ ಜನರೆಂದು ಆ ಸಂಸ್ಥೆಯು ಅಂದಾಜು ಮಾಡಿದೆ. ಅದಕ್ಕೆ ಹಿಂದಿನ ವರದಿಯಲ್ಲಿ, ೨೦೧೬ನೆಯ ವರ್ಷಕ್ಕೆ, ಜರ್ಮನಿಗೆ ೧೩.೪, ಫ್ರಾನ್ಸಿಗೆ ೧೨.೬, ಇಟಲಿಗೆ ೭.೫, ಭಾರತಕ್ಕೆ ೫.೭ ಲೀಟರೆಂದು ಕಾಣಿಸಿದ್ದರು. ಅಭಿಮಾನಿಗಳಿಗೆ ಈ ಪಟ್ಟಿಯಿಂದ ಸಂತೋಷವಾಗಬಹುದು, ಭಾರತವು ಕೆಳಗಿದೆ.

ಆದರೆ ಸರಾಸರಿಯೆಂಬುದು ಬಹು ಮೋಸದ ಕೊಳಗ. ಹತ್ತು ಮನೆಗಳ ಎರಡು ಊರುಗಳಿವೆಯೆಂದು ಭಾವಿಸೋಣ. ಒಂದರಲ್ಲಿ ಹತ್ತು ಮನೆಯ ಯಜಮಾನರೂ ದಿನಕ್ಕೊಂದು ಬಟ್ಟಲು ಸೇವಿಸುತ್ತಾರೆ. ಇನ್ನೊಂದರಲ್ಲಿ ಒಂಬತ್ತು ಮಂದಿ ಅದರ ವಾಸನೆಯನ್ನೂ ಅರಿಯರು. ಹತ್ತನೆಯವನೊಬ್ಬನೇ ಹತ್ತು ಬಟ್ಟಲನ್ನು ಕುಡಿಯುತ್ತಾನೆ. ಎರಡು ಊರುಗಳ ಸರಾಸರಿಯೂ ಒಂದೇ. ಆದರೆ ಎರಡನೆಯ ಊರಿನ ಆ ಹತ್ತನೆಯ ಮನೆಯ ಹೆಂಡತಿಮಕ್ಕಳ ಪಾಡನ್ನು ಆ ಅಂಕಿಯು ಹೇಳುವುದಿಲ್ಲ. ಭಾರತದ ಸ್ಥಿತಿಯು ಈ ಎರಡನೆಯ ಊರನ್ನು ಹೋಲುತ್ತದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹದಿನೈದು ವರ್ಷ ಮೇಲ್ಪಟ್ಟ ನೂರು ಗಂಡಸರಲ್ಲಿ ಕುಡಿಯುವವರು ಸುಮಾರು ೧೯ ಮಂದಿ. ನೂರು ಹೆಂಗಸರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ಇಟಲಿಯಲ್ಲಿಯಾದರೋ ಪ್ರಾಯಸ್ಥರಲ್ಲಿ ಕುಡಿಯುವವರೇ ಬಹುಸಂಖ್ಯಾತರು. ಅಷ್ಟೊಂದು ಮಂದಿ ಹಂಚಿಕೊಂಡು ಕುಡಿಯುವ ದೇಶಕ್ಕೂ, ಇಷ್ಟು ಕೆಲವರೇ ಕುಡಿಯುವ ದೇಶಕ್ಕೂ ತಲೆವಾರು ಲೆಕ್ಕದಲ್ಲಿ ಎರಡು ಲೀಟರಿನಷ್ಟೂ ಅಂತರವಿಲ್ಲವೆಂದರೆ, ಭಾರತದ ಪಾನಿಯು ಮಿತಪಾನಿಯೆಂದು ಹೇಳಲಾದೀತೆ? ಅದೂ ಇಲ್ಲಿ ಹೆಚ್ಚಾಗಿ ಸಲ್ಲುವುದು ವಿಸ್ಕಿ, ಬ್ರಾಂದಿ, ರಮ್ಮುಗಳಂತಹ ಉಗ್ರಪಾನಗಳೇ. ದೇಶದ ಅಂಕಿಯು ಸೌಮ್ಯವಾಗಿ ಕಾಣುತ್ತಿರುವುದು ಕುಡಿಯದ ತಾಯಂದಿರ, ಕುಡಿಯದ ಬಹುಜನರ ದೆಸೆಯಿಂದ. ಅವರ ಶುದ್ಧಿಯ ಸೆರಗಿನ ಮರೆಯಲ್ಲಿ ಕೆಲವರ ದುರ್ವ್ಯಸನವು ಅಡಗಿ ಕುಳಿತಿದೆ.

ಹಾಗಾದರೆ ಇಟಲಿ, ಫ್ರಾನ್ಸುಗಳ ಮಾರ್ಗವೇ ಮೇಲೆಂದು ಹೇಳುವವರೂ ಉಂಟು. ಅಲ್ಲಿ ವೈನು ಊಟದ ಅಂಗ. ಹಿರಿಯರ ಸಮಕ್ಷದಲ್ಲಿ, ರೊಟ್ಟಿಯೊಡನೆ ಅದರ ಸೇವನೆ. ಕುಡಿದು ತೂರಾಡುವುದು ಅಲ್ಲಿ ನಾಚಿಕೆಗೇಡು. ಹೀಗಿರುವಾಗ ಮಕ್ಕಳಿಗೆ ಮಿತಿಯನ್ನು ಕಲಿಸುವುದು ಒಳಿತೋ, ವರ್ಜನವನ್ನು ಕಲಿಸುವುದು ಒಳಿತೋ ಎಂಬುದು ಅವರ ವಾದ. ವಾದವು ಕೇಳುವುದಕ್ಕೆ ಇಂಪಾಗಿದೆ. ಆದರೆ ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ, ಬೀದಿಯಲ್ಲಿ ಕುಡುಕರು ಅಷ್ಟಾಗಿ ಕಾಣಿಸದಿದ್ದ ಆ ಫ್ರಾನ್ಸಿನಲ್ಲಿಯೇ ಯಕೃತ್ತು ಕೆಟ್ಟು ಸಾಯುವವರ ಸಂಖ್ಯೆಯು ಅತಿಶಯವಾಗಿತ್ತು. ಪ್ರತಿದಿನವೂ ಮಿತವೆಂದುಕೊಂಡು ಕುಡಿದುದೇ ಒಟ್ಟಿನಲ್ಲಿ ಅಮಿತವಾಗಿತ್ತು. ೧೯೫೪ರಲ್ಲಿ ಪ್ರಧಾನಿಯಾಗಿದ್ದ ಮೆಂಡೆಸ್ ಫ್ರಾನ್ಸ್ ಎಂಬುವರು ಶಾಲೆಯ ಮಕ್ಕಳಿಗೆ ಹಾಲನ್ನು ಕೊಡಿಸುವ ಏರ್ಪಾಡು ಮಾಡಿ, ತಾವೂ ಬಹಿರಂಗವಾಗಿ ಹಾಲನ್ನು ಕುಡಿದು ತೋರಿಸಿದರು. ಅದಕ್ಕಾಗಿ ಅವರನ್ನು ಹಾಸ್ಯ ಮಾಡಿದವರು ಬಹಳ. ಹಾಲು ಕುಡಿದು ನಗೆಗೀಡಾದ ಪ್ರಧಾನಿಗಳು ಲೋಕದಲ್ಲಿ ಹೆಚ್ಚು ಮಂದಿ ಇರಲಾರರು! ಶಾಲೆಯ ಊಟದ ಮನೆಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ವೈನನ್ನು ಕೊಡಬಾರದೆಂಬ ನಿಯಮವು ಅಲ್ಲಿ ಬಂದುದು ೧೯೫೬ರಲ್ಲಿ. ಅಲ್ಲಿಂದೀಚೆಗೆ ಆ ದೇಶದಲ್ಲಿ ತಲೆಗೆ ವರ್ಷಕ್ಕೆ ನೂರು ಲೀಟರಿಗೂ ಮೇಲಿದ್ದ ವೈನು ಅರ್ಧಕ್ಕಿಂತಲೂ ಕೆಳಕ್ಕಿಳಿದಿದೆ, ಇಟಲಿಯಲ್ಲಿಯೂ ಹಾಗೆಯೇ. ಸಂಪೂರ್ಣ ನಿಷೇಧದ ಕಾಯಿದೆಯಿಲ್ಲದೆ, ಒಂದೆರಡು ತಲೆಮಾರುಗಳಲ್ಲಿ ಜನರ ನಡೆಯೇ ಬದಲಾಯಿತು. ಪರದೇಶವೆಂದರೆ ಎಂದೆಂದಿಗೂ ಕುಡುಕರ ದೇಶವೆಂದು ತಿಳಿದವರು ಇದನ್ನು ಗಮನಿಸಬೇಕು.

ಉತ್ತರದ ಸ್ವೀಡನ್ ದೇಶದ ರೀತಿಯೇ ಬೇರೆ. ಅಲ್ಲಿಯವರು ದಿನದಿನವೂ ಕುಡಿಯುವವರಲ್ಲ; ವಾರವೆಲ್ಲ ದುಡಿದು ಶನಿವಾರದ ರಾತ್ರಿ ಮೈಮರೆಯುವಂತೆ ಕುಡಿಯುವುದು ಅಲ್ಲಿಯ ಹಳೆಯ ರೂಢಿ. ಇದನ್ನು ತಡೆಯುವುದಕ್ಕೆ ಇವಾನ್ ಬ್ರಾಟ್ ಎಂಬ ವೈದ್ಯನು ಒಂದು ವ್ಯವಸ್ಥೆಯನ್ನು ಹೂಡಿದನು. ಮದ್ಯವನ್ನು ಕೊಳ್ಳುವವನಿಗೆ ಒಂದು ಪುಸ್ತಕ. ತಿಂಗಳಿಗೆ ಇಷ್ಟೇ ಎಂಬ ಮಿತಿ. ಕೊಂಡುದೆಲ್ಲವೂ ಅದರಲ್ಲಿ ದಾಖಲೆ. ೧೯೧೭ರಿಂದ ೧೯೫೫ರವರೆಗೆ ದೇಶಕ್ಕೆಲ್ಲ ಇದು ನಡೆಯಿತು. ಆ ಪುಸ್ತಕವು ಸಾಮಾನ್ಯವಾಗಿ ವಿವಾಹಿತ ಸ್ತ್ರೀಯರಿಗೆ ದೊರೆಯುತ್ತಿರಲಿಲ್ಲ. ನಡುವೆ ೧೯೨೨ರಲ್ಲಿ, ಪೂರ್ಣ ಪಾನನಿಷೇಧವು ಬೇಕೋ ಬೇಡವೋ ಎಂದು ಜನಮತವನ್ನು ಕೇಳಿದಾಗ, ಗಂಡಸರ ಮತಗಳನ್ನೂ ಹೆಂಗಸರ ಮತಗಳನ್ನೂ ಬೇರೆ ಬೇರೆಯಾಗಿ ಎಣಿಸಿದರು. ಹೆಂಗಸರಲ್ಲಿ ಹೆಚ್ಚಿನವರು ನಿಷೇಧವು ಬೇಕೆಂದರು. ಗಂಡಸರಲ್ಲಿ ಹೆಚ್ಚಿನವರು ಬೇಡವೆಂದರು. ಕೂದಲೆಳೆಯ ಅಂತರದಲ್ಲಿ ನಿಷೇಧವು ಬಿದ್ದುಹೋಯಿತು. ಹತ್ತನೆಯ ಮನೆಯ ಗೃಹಿಣಿಯ ಮಾತು ಲೆಕ್ಕಕ್ಕೆ ಸಿಕ್ಕಿದ ಸಂದರ್ಭಗಳು ಚರಿತ್ರೆಯಲ್ಲಿ ಕೆಲವೇ, ಇದು ಅವುಗಳಲ್ಲೊಂದು. ಅದರಂತಹುದೇ ಇನ್ನೊಂದು ೧೯೯೨ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ನಡೆಯಿತು. ಅಕ್ಷರಾಭ್ಯಾಸದ ತರಗತಿಗೆ ಬಂದ ಹಳ್ಳಿಯ ಹೆಂಗಸರು, ತಮ್ಮ ಮನೆಯ ದುಡಿಮೆಯೆಲ್ಲ ಸಾರಾಯಿಯಂಗಡಿಗೆ ಹೋಗುತ್ತಿರುವುದನ್ನು ಕುರಿತು ತಮ್ಮೊಳಗೆ ಮಾತಾಡಿಕೊಂಡು, ಅಂಗಡಿಯನ್ನೇ ಮುಚ್ಚಿಸಿದರು. ಆ ಕಿಡಿಯಿಂದ ರಾಜ್ಯವೆಲ್ಲ ಹೊತ್ತಿಕೊಂಡು ೧೯೯೩ರಲ್ಲಿ ಸಾರಾಯಿಯೂ, ೧೯೯೫ರಲ್ಲಿ ಸಕಲ ಮದ್ಯವೂ ನಿಷಿದ್ಧವಾದುವು. ೧೯೯೭ರಲ್ಲಿ ಸರ್ಕಾರವು ಆ ನಿಷೇಧವನ್ನು ಸಡಿಲಿಸಿತು. ಬೊಕ್ಕಸದ ಚಿಂತೆಯೇ ಅದಕ್ಕೆ ಮುಖ್ಯ ಕಾರಣವಾಗಿತ್ತು.

ಬೊಕ್ಕಸದ ಮಾತು ಬಂದಾಗ ರಷ್ಯದ ಕಥೆಯನ್ನು ಹೇಳದೆ ತೀರದು. ಅಲ್ಲಿ ಜಾರ್ ದೊರೆಗಳ ಕಡೆಗಾಲದಲ್ಲಿ ವೋಡ್ಕಾ ಮಾರಾಟವು ಸರ್ಕಾರದ ಸ್ವಾಮ್ಯವಾಗಿ, ರಾಜ್ಯಾದಾಯದ ಕಾಲುಭಾಗಕ್ಕೂ ಹೆಚ್ಚು ಅದರಿಂದಲೇ ಬರುತ್ತಿದ್ದಿತು. ೧೯೧೪ರಲ್ಲಿ ಯುದ್ಧದ ನಿಮಿತ್ತ ಮಾರಾಟವನ್ನು ನಿಲ್ಲಿಸಿದರು. ರಾಜನ ನಂತರ ಬಂದ ಸೋವಿಯೆತ್ ಸರ್ಕಾರವು ೧೯೨೫ರ ವೇಳೆಗೆ ಅದೇ ಅಂಗಡಿಯನ್ನು ತೆರೆಯಿತು. ಧ್ವಜ ಬದಲಾಯಿತು, ಸಿಂಹಾಸನ ಹೋಯಿತು, ವೋಡ್ಕಾ ಹೋಗಲಿಲ್ಲ. ೧೯೮೫ರಲ್ಲಿ ಗೋರ್ಬಚೆವ್ ಅವರು ಪಾನವಿರೋಧಿ ಕಾರ್ಯಕ್ರಮವನ್ನು ಬಿಗಿಯಾಗಿ ಕೈಗೊಂಡರು. ದ್ರಾಕ್ಷಿಯ ತೋಟಗಳನ್ನೇ ಕೀಳಿಸಿದರು. ಎರಡು ಮೂರು ವರ್ಷಗಳಲ್ಲಿ ಗಂಡಸರ ಸರಾಸರಿ ಆಯುಷ್ಯವು ಸುಮಾರು ಮೂರು ವರ್ಷ ಹೆಚ್ಚಿತು. ಅದರ ಜೊತೆಗೇ ಮನೆಮನೆಗಳಲ್ಲಿ ಕಳ್ಳಭಟ್ಟಿಯೆದ್ದು ಅಂಗಡಿಗಳಲ್ಲಿ ಸಕ್ಕರೆಗೆ ಅಭಾವವಾಯಿತು, ಬೊಕ್ಕಸಕ್ಕೆ ತೂತು ಬಿತ್ತು. ಕಾರ್ಯಕ್ರಮವನ್ನು ಕೈಬಿಟ್ಟರು. ದೇಶವು ಒಡೆದು ಮದ್ಯವು ಅಗ್ಗವಾಗಿ ಹರಿದಾಗ, ೧೯೯೪ರ ವೇಳೆಗೆ ಗಂಡಸರ ಆಯುಷ್ಯವು ೫೮ ವರ್ಷಕ್ಕೂ ಕೆಳಗೆ ಕುಸಿಯಿತು. ಈಚೆಗೆ ಕನಿಷ್ಠ ಬೆಲೆಯ ಕಟ್ಟಳೆ, ರಾತ್ರಿಯ ಮಾರಾಟಕ್ಕೆ ತಡೆ, ಜಾಹೀರಾತಿಗೆ ನಿಷೇಧ ಇವುಗಳಿಂದ ೨೦೦೩ರಿಂದ ೨೦೧೬ರೊಳಗೆ ಅಲ್ಲಿಯ ಪಾನವು ನೂರಕ್ಕೆ ೪೩ರಷ್ಟು ತಗ್ಗಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಕರ್ನಾಟಕದ ಓದುಗನು ಈ ಕಥೆಯನ್ನು ಪರದೇಶದ ಕಥೆಯೆಂದು ಬದಿಗಿಡುವಂತಿಲ್ಲ. ೨೦೦೭ರ ಜುಲೈ ೧ರಿಂದ ಇಲ್ಲಿ ಸಾರಾಯಿಯು ನಿಂತಿತು. ಅದನ್ನು ಕುಡಿಯುತ್ತಿದ್ದ ಕೂಲಿಯವರಲ್ಲಿ ಬಹುಮಂದಿ ಅಗ್ಗದ ವಿಸ್ಕಿ ಬ್ರಾಂದಿಗಳಿಗೆ ತಿರುಗಿದರು. ಅಬಕಾರಿಯಿಂದ ವರ್ಷವರ್ಷವೂ ಬರುವ ಸಾವಿರಾರು ಕೋಟಿ ರೂಪಾಯಿಗಳು ರಾಜ್ಯದ ಆಯವ್ಯಯದ ಒಂದು ಮುಖ್ಯ ಆಧಾರವಾಗಿ ನಿಂತಿವೆ. ಕುಡಿಯದ ಗೃಹಸ್ಥನು ನಡೆಯುವ ರಸ್ತೆಯಲ್ಲಿಯೂ, ಅವನ ಮಕ್ಕಳು ಕಲಿಯುವ ಶಾಲೆಯಲ್ಲಿಯೂ ಆ ಹತ್ತನೆಯ ಮನೆಯ ದುಡ್ಡು ಸೇರಿದೆ.

ಉಳಿದ ದೇಶಗಳ ವಿಚಾರವನ್ನು ವಿಸ್ತರಿಸಬೇಕಾಗಿಲ್ಲ. ಅಮೆರಿಕವು ೧೯೧೯ರಲ್ಲಿ ರಾಜ್ಯಾಂಗದಲ್ಲಿಯೇ ಪಾನನಿಷೇಧವನ್ನು ಬರೆದು, ೧೯೩೩ರಲ್ಲಿ ಅಳಿಸಿತು. ಆ ಅವಧಿಯಲ್ಲಿ ಯಕೃತ್ತಿನ ರೋಗ ತಗ್ಗಿದುದೂ ನಿಜ, ಕಳ್ಳವ್ಯಾಪಾರದ ಗುಂಪುಗಳು ಕೊಬ್ಬಿದುದೂ ನಿಜ. ಸೌದಿ ಅರೇಬಿಯ, ಕುವೈತು ಮೊದಲಾದ ಮುಸಲ್ಮಾನ ದೇಶಗಳಲ್ಲಿ ಅಂಕಿಯು ಸೊನ್ನೆಯ ಸಮೀಪದಲ್ಲಿದೆ. ಆದರೆ ಅಂತಹುದೇ ನಿಷೇಧವಿರುವ ಇರಾನಿನಲ್ಲಿ ೨೦೨೦ರಲ್ಲಿ ವಿಷಮದ್ಯವನ್ನು ಕುಡಿದು ನೂರಾರು ಜನರು ಸತ್ತರು. ನಿಷೇಧವಿರುವ ಗುಜರಾತಿನಲ್ಲಿಯೂ ಬಿಹಾರದಲ್ಲಿಯೂ ೨೦೨೨ರಲ್ಲಿ ಇಂಥವೇ ದುರಂತಗಳು ನಡೆದುವು. ಚೀನ, ಜಪಾನು, ಕೊರಿಯಗಳಲ್ಲಿ ಅನೇಕರ ಶರೀರವು ಹುಟ್ಟಿನಿಂದಲೇ ಮದ್ಯವನ್ನು ಸರಿಯಾಗಿ ಜೀರ್ಣಿಸಲಾರದು. ತುಸು ಕುಡಿದರೂ ಮುಖವು ಕೆಂಪೇರಿ ಎದೆ ಬಡಿದುಕೊಳ್ಳುತ್ತದೆ. ಅಂಥವರಲ್ಲಿ ಕೆಲವರು ಆ ಕಾರಣಕ್ಕೇ ಅದರಿಂದ ದೂರವಿರುತ್ತಾರೆ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಶರೀರವು ಒಗ್ಗದೆ ಕುಡಿಯದವನು ಒಬ್ಬ. ಶಿಕ್ಷೆಗೆ ಹೆದರಿ ಕುಡಿಯದವನು ಒಬ್ಬ. ಬೆಲೆಗೆ ಹಿಂಜರಿದು ಬಿಟ್ಟವನು ಮತ್ತೊಬ್ಬ. ಹಿರಿಯರಲ್ಲಿ ರೂಢಿಯಿಲ್ಲವೆಂದು ಕುಡಿಯದವನು ಇನ್ನೊಬ್ಬ. ಲೆಕ್ಕ ಬರೆಯುವವನ ಪುಸ್ತಕದಲ್ಲಿ ಇವರೆಲ್ಲರೂ ಸಮಾನರು. ಶರಣರ ದೃಷ್ಟಿಯಲ್ಲಿ ಹಾಗಲ್ಲ. ವ್ರತಾಚಾರವನ್ನು ಕುರಿತು ಬಹುವಾಗಿ ನುಡಿದ ಅಕ್ಕಮ್ಮನು ‘ಆಚಾರವೇ ಪ್ರಾಣವಾದ ರಾಮೇಶ್ವರಲಿಂಗ’ವೆಂದು ತನ್ನ ಅಂಕಿತದಲ್ಲಿಯೇ ಆಚಾರವನ್ನು ಪ್ರಾಣದ ಸ್ಥಾನದಲ್ಲಿಟ್ಟಳು. ಪ್ರಾಣವನ್ನು ಒಬ್ಬರ ಪರವಾಗಿ ಇನ್ನೊಬ್ಬರು ಧರಿಸಲಾಗದು. ಅಜ್ಜನು ಕುಡಿಯಲಿಲ್ಲವೆಂಬುದು ಅಜ್ಜನ ವ್ರತವಾಗಿದ್ದಿರಬಹುದು. ಮೊಮ್ಮಗನಿಗೆ ಅದು ಕೇವಲ ಸುದ್ದಿ. ದೀಕ್ಷೆಯನ್ನು ಪ್ರತಿಯೊಬ್ಬನಿಗೂ ಬೇರೆಬೇರೆಯಾಗಿ ಕೊಡುವ ಧರ್ಮದಲ್ಲಿ, ಮನೆತನದ ಹೆಸರಿನಲ್ಲಿ ಶುದ್ಧಿಯನ್ನು ಬಳುವಳಿಯಾಗಿ ಎಣಿಸುವುದು ಹೇಗೆ ಸಲ್ಲುತ್ತದೆ?

ಹಾಗೆಂದು ರೂಢಿಯು ನಿಷ್ಪ್ರಯೋಜಕವೆಂದು ತಿಳಿಯಬಾರದು. ಸಂಪ್ರದಾಯವು ಹೊಲದ ಬದುವಿನಂತೆ. ಮಳೆ ಹುಯ್ದಾಗ ಮಣ್ಣು ಕೊಚ್ಚಿಹೋಗದಂತೆ ಬದು ತಡೆಯುತ್ತದೆ. ಬೆಳೆಯನ್ನು ಮಾತ್ರ ರೈತನು ಬಿತ್ತಿಯೇ ತೆಗೆಯಬೇಕು. ಮಗನು ಪರದೇಶಕ್ಕೆ ಹೋದನೆಂದರೆ ಬದುವಿಲ್ಲದ ಹೊಲಕ್ಕೆ ಹೋದಂತಾಯಿತು. ಅಲ್ಲಿ ಅವನನ್ನು ನೋಡುವ ನೆರೆಹೊರೆಯಿಲ್ಲ, ಅಂಜಿಸುವ ಹಿರಿಯರಿಲ್ಲ. ಆಗ ಅವನೊಡನೆ ಉಳಿಯುವುದು ಎದೆಯ ಮೇಲಣ ಲಿಂಗವೊಂದೇ. ಅದನ್ನು ಅಂಗೈಯಲ್ಲಿಟ್ಟು ನೋಡುವ ಅಭ್ಯಾಸವು ಮನೆಯಲ್ಲಿಯೇ ಬೆಳೆದಿದ್ದರೆ ಅವನ ನಿವೃತ್ತಿಯು ಅವನದೇ ಆಗಿರುತ್ತದೆ. ಇನ್ನೊಂದು ಮಾತು. ಈಚಿನ ವರ್ಷಗಳಲ್ಲಿ ಬ್ರಿಟನ್, ಸ್ವೀಡನ್ ಮೊದಲಾದ ದೇಶಗಳಲ್ಲಿ ಮದ್ಯವನ್ನು ಮುಟ್ಟದ ತರುಣರ ಸಂಖ್ಯೆಯು ಹೆಚ್ಚುತ್ತಿದೆ. ಯಾವ ಆಚಾರ್ಯರ ಅಪ್ಪಣೆಯೂ ಇಲ್ಲದೆ, ಸುತ್ತಲೂ ಕುಡಿಯುವವರ ನಡುವೆ, ತಾನಾಗಿ ಬೇಡವೆಂದ ಆ ಪರದೇಶದ ಹುಡುಗನಿಗೂ, ಬೇಕೆಂದರೂ ಸಿಗದ ಊರಿನಲ್ಲಿ ಕುಡಿಯದೆ ಬೆಳೆದ ಇಲ್ಲಿಯ ಹುಡುಗನಿಗೂ ವ್ಯತ್ಯಾಸವಿಲ್ಲವೆ? ವ್ರತವೆಂಬ ಹೆಸರಿಗೆ ಹೆಚ್ಚು ಹತ್ತಿರದಲ್ಲಿರುವವನು ಮೊದಲನೆಯವನೇ ಎಂಬುದನ್ನು ಒಪ್ಪುವುದಕ್ಕೆ ಮನಸ್ಸು ಅಳುಕಿದರೂ ಒಪ್ಪಬೇಕಾಗುತ್ತದೆ.

ಸದಾಚಾರದ ವಿಷಯದಲ್ಲಿಯೂ ಗೃಹಸ್ಥನ ಅಭಿಮಾನವನ್ನು ಸ್ವಲ್ಪ ಪರೀಕ್ಷಿಸಬೇಕು. ಪಂಚಾಚಾರಗಳಲ್ಲಿ ಸದಾಚಾರವೆಂದರೆ ಬಾಯಿಯ ಶುದ್ಧಿಯಷ್ಟೇ ಅಲ್ಲ, ಗಳಿಕೆಯ ಶುದ್ಧಿಯೂ ಹೌದು. ತಾನು ಹನಿಯನ್ನೂ ಮುಟ್ಟದೆ, ತನ್ನ ಮಳಿಗೆಯನ್ನು ಮದ್ಯದಂಗಡಿಗೆ ಬಾಡಿಗೆಗೆ ಕೊಟ್ಟು, ಆ ಬಾಡಿಗೆಯಲ್ಲಿ ಒಂದು ಪಾಲನ್ನು ಜಾತ್ರೆಯ ದಾಸೋಹಕ್ಕೆ ಸಲ್ಲಿಸುವವನು ಯಾವ ಕಾಯಕವನ್ನು ಮಾಡಿದನು? ‘ನಾನು ಕೊಡದಿದ್ದರೆ ಇನ್ನೊಬ್ಬನು ಕೊಡುತ್ತಾನೆ’ ಎಂಬ ಸಮಾಧಾನವು ಜಾರ್ ದೊರೆಯ ಮಂತ್ರಿಗಳಿಗೂ ಗೊತ್ತಿದ್ದ ಸಮಾಧಾನವೇ. ಇಲ್ಲಿ ಯಾರಾದರೂ ಹೆಂಡದ ಮಾರಯ್ಯನ ಹೆಸರನ್ನು ಮುಂದೊಡ್ಡಿ, ಶರಣರಲ್ಲಿಯೂ ಹೆಂಡ ಮಾರಿದವನು ಇರಲಿಲ್ಲವೆ ಎಂದು ಕೇಳಬಹುದು. ಇದ್ದನು. ಧರ್ಮೇಶ್ವರಲಿಂಗವೆಂಬ ಅಂಕಿತದ ಆ ಶರಣನು ಹುಟ್ಟಿದ ವೃತ್ತಿಯಲ್ಲಿಯೇ ಇದ್ದು, ತನ್ನ ಕಸುಬಿನ ಮಾತುಗಳಿಂದಲೇ ತತ್ತ್ವವನ್ನು ನುಡಿದನು. ಕುಡಿಯಲು ಬಂದವರಿಗೆ ಅದರ ಕೇಡನ್ನು ತಿಳಿಸಿ ತಿದ್ದುತ್ತಿದ್ದನೆಂದು ಹೇಳುವುದುಂಟು. ಗಿರಾಕಿಯು ಕಡಮೆಯಾಗಲೆಂದು ಅಂಗಡಿಯಲ್ಲಿ ಕುಳಿತವನಿಗೂ, ಬಾಡಿಗೆಯು ತಪ್ಪದಿರಲೆಂದು ದೂರ ಕುಳಿತವನಿಗೂ ಹೋಲಿಕೆ ಕೂಡದು.

ಮಾರಯ್ಯನ ನೆನಪಿನಿಂದ ತೋರುವ ಇನ್ನೊಂದು ಸಂಗತಿಯಿದೆ. ಅನುಭವಮಂಟಪದ ಶರಣರು ಅವನನ್ನು ಅವನ ವೃತ್ತಿಗಾಗಿ ಹೊರಗಿಡಲಿಲ್ಲ. ಅವನೂ ತನ್ನ ಬಳಿಗೆ ಬಂದ ಕುಡುಕನನ್ನು ಹೊರಗಿಡಲಿಲ್ಲ. ಇಂದಿನ ಅಭಿಮಾನದ ಮನೆಗಳಲ್ಲಿ ನಡೆಯುವುದೇನು? ‘ನಮ್ಮಲ್ಲಿ ಯಾರೂ ಮುಟ್ಟಿದವರಲ್ಲ’ ಎಂಬ ಮಾತು ಸುಳ್ಳಾದೀತೆಂಬ ಭಯದಿಂದಲೇ, ಮುಟ್ಟಿದ ಮಗನನ್ನೋ ತಮ್ಮನನ್ನೋ ಒಳಕೋಣೆಯಲ್ಲಿ ಮುಚ್ಚಿಡುತ್ತಾರೆ. ಅವನ ಹೆಂಡತಿಯ ಬಾಯಿಯನ್ನೂ ಮುಚ್ಚಿಸುತ್ತಾರೆ. ಬಂಧುಗಳಿಗೆ ಹೊಟ್ಟೆನೋವೆಂದು ಹೇಳುತ್ತಾರೆ. ಎಲ್ಲರೂ ಕುಡಿಯುವ ದೇಶದಲ್ಲಿ ಒಬ್ಬನ ವ್ಯಸನವು ಅತಿಯಾಯಿತೆಂದು ಮನೆಯವರು ವೈದ್ಯನಿಗೆ ಹೇಳುವುದಕ್ಕೆ ಇರುವ ಸಂಕೋಚಕ್ಕಿಂತ, ಯಾರೂ ಕುಡಿಯಬಾರದ ಮನೆಯಲ್ಲಿ ಒಬ್ಬನು ಕುಡಿಯುತ್ತಾನೆಂದು ಹೇಳುವುದಕ್ಕೆ ಇರುವ ಸಂಕೋಚವು ಹತ್ತು ಪಾಲು. ಶುದ್ಧಿಯ ಅಭಿಮಾನವೇ ಹೀಗೆ ರೋಗಕ್ಕೆ ಬಾಗಿಲು ಕಾಯುತ್ತದೆ.

ಕೆಲವು ಮನೆಗಳಲ್ಲಿ ಹಿರಿಯರು ಕೋಪಗೊಂಡು, ಲಿಂಗದ ಆಣೆಯಿಡಿಸಿ, ಬಾಗಿಲಿಗೆ ಬೀಗ ಹಾಕಿ, ಅಂದಿನಿಂದಲೇ ಹನಿಯೂ ಸಿಗದಂತೆ ಮಾಡುವುದುಂಟು. ಉದ್ದೇಶವು ಒಳ್ಳೆಯದು. ಆದರೆ ಬಹುಕಾಲ ದಿನವೂ ವಿಶೇಷವಾಗಿ ಕುಡಿದ ದೇಹಕ್ಕೆ ಮದ್ಯವು ಥಟ್ಟನೆ ತಪ್ಪಿದರೆ ಎರಡು ಮೂರು ದಿನಗಳೊಳಗೆ ಕೈಕಾಲು ನಡುಗಿ, ಇಲ್ಲದುದು ಕಾಣಿಸಿ, ಅಪಸ್ಮಾರದಂತೆ ಸೆಳವು ಬರಬಹುದು; ಪ್ರಾಣವೇ ಹೋಗಬಹುದು. ವೈದ್ಯರ ಕಣ್ಣೆದುರಿನಲ್ಲಿ, ಔಷಧದ ಆಸರೆಯಿಂದ ಅದನ್ನು ಬಿಡಿಸಬೇಕೆಂಬುದು ಈಗ ಎಲ್ಲೆಡೆಯೂ ಒಪ್ಪಿದ ಕ್ರಮ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕಾಗಿಯೇ ಒಂದು ವಿಭಾಗವಿದೆ. ಮಾನಸಿಕ ರೋಗಗಳ ವೈದ್ಯರು ಜಿಲ್ಲೆಯ ಆಸ್ಪತ್ರೆಗಳಲ್ಲಿಯೂ ಸಿಗುತ್ತಾರೆ. ಆಣೆಯನ್ನು ಇಡಿಸುವುದಕ್ಕೆ ಅವನು ಚೇತರಿಸಿಕೊಂಡ ಮೇಲೂ ಕಾಲವಿದೆ. ಮೊದಲು ಒಳಕೋಣೆಯ ಬಾಗಿಲನ್ನು ತೆರೆದು, ಅವನ ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು, ಹಿರಿಯರೇ ಮುಂದಾಗಿ ಅವನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.